ಮಿದುಳಿಗೆ ಹರಡಿದ ದೊಡ್ಡ ಗಡ್ಡೆಗೆ ನಿಖರ ರೇಡಿಯೇಷನ್: ಮಾಸ್ಕಿನಿಂದ ಮರುಸ್ಕ್ಯಾನಿನವರೆಗೆ

ಬೇರೆಡೆಯ ಕ್ಯಾನ್ಸರಿನಿಂದ ಮಿದುಳಿಗೆ ಹರಡಿದ ಗಡ್ಡೆಯ ಬಗ್ಗೆ ಎಂಆರ್‌ಐ ರಿಪೋರ್ಟಿನಲ್ಲಿ ಬರೆದಿರುವುದು ಉದ್ದ, ಅಗಲ, ಎತ್ತರ. ರೇಡಿಯೇಷನ್ ವಿಭಾಗದಲ್ಲಿ ನಮಗೆ ಮುಖ್ಯವಾಗುವುದು ಅದರ ಘನ ಅಳತೆ. ದುಂಡಗಿನ ಗಡ್ಡೆಯ ಅಡ್ಡಳತೆ 2 ಸೆಂ.ಮೀ. ಇದ್ದರೆ ಅದು ಸುಮಾರು 4 ಸಿಸಿ. 3 ಸೆಂ.ಮೀ. ಆದರೆ 14 ಸಿಸಿ. 4 ಸೆಂ.ಮೀ. ಆದರೆ 33 ಸಿಸಿಗೂ ಮೇಲೆ. ಮನೆಯವರಿಗೆ ‘ಒಂದೇ ಸೆಂಟಿಮೀಟರ್ ತಾನೇ ಹೆಚ್ಚು’ ಅನ್ನಿಸುವ ವ್ಯತ್ಯಾಸ ನಮಗೆ ಎರಡು ಪಟ್ಟಿಗೂ ಮೀರಿದ ಗಡ್ಡೆಯಾಗಿ ಕಾಣುತ್ತದೆ. ಎಷ್ಟು ಸಿಟ್ಟಿಂಗ್ ಕೊಡಬೇಕು, ಎಂಆರ್‌ಐ ಯಾವಾಗ ಮಾಡಿಸಬೇಕು, ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಯಾಕೆ ಅಷ್ಟು ಬಿಗಿ, ಮಾತ್ರೆ ಯಾಕೆ ತಪ್ಪಿಸಬಾರದು ಅನ್ನುವುದೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಲೆಕ್ಕದ ಮೇಲೇ.

ಗಡ್ಡೆ ಚಿಕ್ಕದಿದ್ದಾಗ ಕೆಲಸ ಸುಲಭ. ಹಲವು ದಿಕ್ಕುಗಳಿಂದ ಸಣ್ಣ ಸಣ್ಣ ಕಿರಣಗಳನ್ನು ಬಿಟ್ಟು ಅವೆಲ್ಲ ಗಡ್ಡೆಯಲ್ಲಿ ಕೂಡುವಂತೆ ಮಾಡುತ್ತೇವೆ. ದಾರಿಯಲ್ಲಿ ಸಿಗುವ ಮಿದುಳಿಗೆ ಬೀಳುವುದು ಅಲ್ಪ, ಗಡ್ಡೆಗೆ ಬೀಳುವುದು ಪೂರ್ತಿ. ಗಡ್ಡೆಯ ಅಂಚು ದಾಟಿದ ಕೆಲವೇ ಮಿಲಿಮೀಟರಿನಲ್ಲಿ ಡೋಸ್ ಅರ್ಧಕ್ಕೆ ಇಳಿಯುತ್ತದೆ. ಒಂದೇ ಸಿಟ್ಟಿಂಗಿನಲ್ಲಿ 20ರಿಂದ 24 ಗ್ರೇ (ರೇಡಿಯೇಷನ್ ಡೋಸಿನ ಅಳತೆ) ಕೊಟ್ಟು ಕಳಿಸಬಹುದು. ಗಡ್ಡೆ ದೊಡ್ಡದಾದಂತೆ ಈ ಇಳಿಜಾರು ನಿಧಾನವಾಗುತ್ತದೆ, ಸುತ್ತಲಿನ ಒಳ್ಳೆಯ ಮಿದುಳಿನ ಕವಚವೂ ದಪ್ಪವಾಗಿ ಡೋಸಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಸಿಟ್ಟಿಂಗಿನಲ್ಲಿ 12 ಗ್ರೇ ಅಥವಾ ಹೆಚ್ಚು ಪಡೆದ ಮಿದುಳು 10 ಸಿಸಿ ದಾಟಿತು ಅಂದರೆ ಮುಂದೆ ಆ ಭಾಗ ಕೊಳೆತು ತೊಂದರೆ ಕೊಡುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಇದಕ್ಕೆ ರೇಡಿಯೋನೆಕ್ರೋಸಿಸ್ ಅನ್ನುತ್ತೇವೆ.

ಒಂದೇ ಸಿಟ್ಟಿಂಗಿನಲ್ಲಿ ಎಷ್ಟು ತಡೆದುಕೊಳ್ಳಬಹುದು ಎಂಬುದಕ್ಕೆ ಇಂದಿಗೂ ಎಲ್ಲರೂ ನೋಡುವುದು ಅಮೆರಿಕದ ರೇಡಿಯೇಷನ್ ತಜ್ಞರ ಗುಂಪು ಆರ್‌ಟಿಒಜಿಯ 90-05 ಅಧ್ಯಯನವನ್ನು. ಅದರ ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ಮೊದಲೇ ರೇಡಿಯೇಷನ್ ಆಗಿದ್ದ ರೋಗಿಗಳಲ್ಲಿ 2 ಸೆಂ.ಮೀ.ವರೆಗಿನ ಗಡ್ಡೆಗೆ 24 ಗ್ರೇ, 2ರಿಂದ 3 ಸೆಂ.ಮೀ.ಗೆ 18, 3ರಿಂದ 4 ಸೆಂ.ಮೀ.ಗೆ 15 ಎಂದು ಅದು ಮಿತಿ ಹಾಕಿತು. ಇಕ್ಕಟ್ಟು ಇಲ್ಲೇ ಇದೆ: ಯಾವ ಗಡ್ಡೆಯಲ್ಲಿ ಕ್ಯಾನ್ಸರ್ ಕಣಗಳು ಹೆಚ್ಚೋ ಅದಕ್ಕೇ ಡೋಸ್ ಕಡಿಮೆ. 15 ಗ್ರೇಗೆ ದೊಡ್ಡ ಗಡ್ಡೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ತಲೆ ಎತ್ತುವುದು ಅಪರೂಪವಲ್ಲ.

ಹಾಗಾಗಿ ಡೋಸನ್ನು ಹಂಚಿ ಕೊಡುತ್ತೇವೆ. 9 ಗ್ರೇಯಂತೆ ಮೂರು ಸಿಟ್ಟಿಂಗ್, ಒಟ್ಟು 27. ಇಲ್ಲವೇ 6 ಗ್ರೇಯಂತೆ ಐದು, ಒಟ್ಟು 30. ಜಾಗ ಅನುಕೂಲವಾಗಿದ್ದರೆ ಐದರಲ್ಲೇ 35ರವರೆಗೆ. ಗಡ್ಡೆಯ ಮೇಲಿನ ಪರಿಣಾಮವನ್ನು ಅಳೆಯುವ ನಮ್ಮ ರೂಢಿಯ ಸೂತ್ರದಲ್ಲಿ ಒಂದೇ ಏಟಿನ 15 ಗ್ರೇಯ ಬೆಲೆ 37.5. ಮೂರು ಸಿಟ್ಟಿಂಗಿನ 27 ಗ್ರೇಯ ಬೆಲೆ 51.3, ಅಂದರೆ ಒಂದೇ ಏಟಿನ 18 ಗ್ರೇಗೆ ಹೆಚ್ಚುಕಡಿಮೆ ಸಮ. ಇಷ್ಟು ದೊಡ್ಡ ಡೋಸುಗಳಿಗೆ ಆ ಸೂತ್ರ ಎಷ್ಟು ಸರಿ ಅನ್ನುವ ಜಗಳ ನಮ್ಮವರಲ್ಲಿ ಮುಗಿದಿಲ್ಲ, ಆದರೆ ದಿಕ್ಕು ತೋರಿಸಲು ಅದು ಸಾಕು. 2 ಸೆಂ.ಮೀ.ಗಿಂತ ದೊಡ್ಡ ಗಡ್ಡೆಗಳನ್ನು ಇಟಲಿಯ ತಂಡವೊಂದು ಹಿಂತಿರುಗಿ ನೋಡಿ 2016ರಲ್ಲಿ ಬರೆದ ಲೆಕ್ಕದಲ್ಲಿ, ಒಂದು ವರ್ಷದ ಹೊತ್ತಿಗೆ ಗಡ್ಡೆ ಹತೋಟಿಯಲ್ಲಿದ್ದದ್ದು ಒಂದೇ ಸಿಟ್ಟಿಂಗಿನಲ್ಲಿ ಶೇ. 77, ಮೂರರಲ್ಲಿ ಶೇ. 91. ರೇಡಿಯೋನೆಕ್ರೋಸಿಸ್ ಶೇ. 20ರಿಂದ 8ಕ್ಕೆ ಇಳಿದಿತ್ತು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅದಲ್ಲ, ಅಷ್ಟರಮಟ್ಟಿಗೆ ಎಚ್ಚರದಿಂದಲೇ ಓದಬೇಕು. ಆದರೂ ದಿನನಿತ್ಯ ಕಾಣುವುದಕ್ಕೆ ಅದು ಹೊಂದುತ್ತದೆ.

ಯಾರಿಗೆ ರೇಡಿಯೇಷನ್ ಮೊದಲಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗಡ್ಡೆ ಮಿದುಳನ್ನು ಪಕ್ಕಕ್ಕೆ ತಳ್ಳಿದ್ದರೆ, ರೋಗಿ ಮಂಪರಿನಲ್ಲಿದ್ದರೆ, ಹಿಂಮಿದುಳಿನ ಗಡ್ಡೆ ನೀರಿನ ದಾರಿ ಕಟ್ಟಿ ಮಿದುಳಿನೊಳಗೆ ನೀರು ತುಂಬಿಕೊಳ್ಳುತ್ತಿದ್ದರೆ ನ್ಯೂರೋಸರ್ಜನ್ ಬಳಿ ಹೋಗಬೇಕು, ಅದೂ ಅವತ್ತೇ. ರೇಡಿಯೇಷನ್ ಗಡ್ಡೆಯನ್ನು ಕುಗ್ಗಿಸಲು ವಾರಗಳು ಬೇಕು, ಒತ್ತಡ ಅಷ್ಟು ದಿನ ಕಾಯುವುದಿಲ್ಲ. ಕ್ಯಾನ್ಸರ್ ಎಲ್ಲಿಂದ ಬಂತು ಎಂದೇ ಗೊತ್ತಿಲ್ಲದಿದ್ದರೂ ತುಂಡು ತೆಗೆದು ಪರೀಕ್ಷಿಸಲು ಆಪರೇಷನ್ ಬೇಕಾಗಬಹುದು. ಗಡ್ಡೆಯೊಳಗೆ ನೀರೇ ಹೆಚ್ಚಿದ್ದರೆ ಸೂಜಿಯಿಂದ ಬಸಿದು ಚಿಕ್ಕದು ಮಾಡಿಕೊಂಡು ಆಮೇಲೆ ನಮ್ಮಲ್ಲಿಗೆ ಕಳಿಸುವುದೂ ಉಂಟು. ‘ಪೂರ್ತಿ ತೆಗೆದಿದ್ದಾರೆ, ಇನ್ನು ರೇಡಿಯೇಷನ್ ಯಾಕೆ’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕೇಂದ್ರದ 2017ರ ಅಧ್ಯಯನದಲ್ಲಿ, ಆಪರೇಷನ್ ನಂತರ ಏನೂ ಕೊಡದೆ ಬಿಟ್ಟವರಲ್ಲಿ ಒಂದು ವರ್ಷಕ್ಕೆ ಅದೇ ಜಾಗದಲ್ಲಿ ಗಡ್ಡೆ ಮರಳದೆ ಇದ್ದದ್ದು ಶೇ. 43 ಮಂದಿಗೆ. ಗಡ್ಡೆ ತೆಗೆದ ಆ ಖಾಲಿ ಜಾಗಕ್ಕೆ ರೇಡಿಯೇಷನ್ ಕೊಟ್ಟವರಲ್ಲಿ ಶೇ. 72.

ಇಡೀ ಮಿದುಳಿಗೆ ಹತ್ತು ದಿನ 30 ಗ್ರೇ ಕೊಡುವ ಹಳೆಯ ಪದ್ಧತಿ ಇನ್ನೂ ಇದೆ. ಲೆಕ್ಕ ಹಿಡಿಯಲಾಗದಷ್ಟು ಗಡ್ಡೆಗಳಿದ್ದಾಗ, ಮಿದುಳಿನ ಪೊರೆಗೇ ಹರಡಿದಾಗ ಅದು ಬೇಕು. ಒಂದೆರಡು ದೊಡ್ಡ ಗಡ್ಡೆಗಳಷ್ಟೇ ಇದ್ದಾಗ ಅದನ್ನು ಬಳಸಿದರೆ ಗಡ್ಡೆಗೆ ಡೋಸ್ ಸಾಲದು, ನೆನಪಿನ ಶಕ್ತಿಗೆ ಪೆಟ್ಟು ಬೀಳುತ್ತದೆ.

ಇನ್ನು ಡೆಕ್ಸಾಮೆಥಸೋನ್. ಇದು ಗಡ್ಡೆಯ ಸುತ್ತಲಿನ ಊತ ಇಳಿಸುವ ಸ್ಟೀರಾಯ್ಡ್. ತಲೆನೋವು, ವಾಂತಿ, ಕೈಕಾಲಿನ ಸೋಲು ಇದ್ದರೆ ದಿನಕ್ಕೆ 4ರಿಂದ 8 ಮಿ.ಗ್ರಾಂ., ತೀವ್ರವಾಗಿದ್ದರೆ 16ರವರೆಗೆ. ಬೆಳಿಗ್ಗೆ ತಿಂಡಿಯ ಮೇಲೆ ಒಂದು, ಮಧ್ಯಾಹ್ನ ಎರಡು ಗಂಟೆಯೊಳಗೆ ಇನ್ನೊಂದು. ರಾತ್ರಿ ಕೊಟ್ಟರೆ ನಿದ್ದೆ ಹಾರುತ್ತದೆ, ಮನೆಯವರದ್ದೂ. ಜೊತೆಗೆ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಸಕ್ಕರೆ ಕಾಯಿಲೆ ಇಲ್ಲದವರೂ ಸಕ್ಕರೆ ನೋಡಿಸುತ್ತಿರಬೇಕು. ನಾಲಿಗೆಯ ಮೇಲೆ ಬಿಳಿ ಕಟ್ಟಿದರೆ ಅದು ಫಂಗಸ್, ಔಷಧಿ ಇದೆ. ಕೆಲವು ವಾರ ತೆಗೆದುಕೊಂಡವರಿಗೆ ತೊಡೆಯ ಬಲ ಹೋಗಿ ನೆಲದಿಂದ ಏಳಲು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಗಡ್ಡೆ ಬೆಳೆಯಿತು ಎಂದು ಮನೆಯವರು ಗಾಬರಿಯಾಗುವುದು ಇಲ್ಲೇ. ಎರಡು ತೊಡೆಯೂ ಒಂದೇ ಸಮನೆ ಸೋತಿದ್ದರೆ ಮೊದಲ ಅನುಮಾನ ಮಾತ್ರೆಯ ಮೇಲಿರಲಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದನ್ನು ಏಕಾಏಕಿ ನಿಲ್ಲಿಸಿದಾಗ. ಸಕ್ಕರೆ ಏರಿತು, ಮುಖ ಊದಿತು ಎಂದು ಮನೆಯಲ್ಲೇ ಬಿಟ್ಟುಬಿಡುತ್ತಾರೆ. ಊತ ತಿರುಗಿ ಬರುತ್ತದೆ, ಬಹಳ ದಿನ ತೆಗೆದುಕೊಂಡಿದ್ದರೆ ಬಿ.ಪಿ. ಕುಸಿಯುತ್ತದೆ, ಹೆಸರು ಕೆಡುವುದು ರೇಡಿಯೇಷನ್ನಿನದು. ಸಕ್ಕರೆ ಏರಿದರೆ ಇನ್ಸುಲಿನ್ ಸರಿಮಾಡಿಸಿಕೊಳ್ಳಿ, ಡೆಕ್ಸಾವನ್ನು ವೈದ್ಯರೇ ಹಂತಹಂತವಾಗಿ ಇಳಿಸಲಿ. ಫಿಟ್ಸ್ ಮಾತ್ರೆ ಫಿಟ್ಸ್ ಬಂದವರಿಗೆ ಮಾತ್ರ ಸಾಕು. ಗಡ್ಡೆ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಬೇಕಿಲ್ಲ.

ಎಂಆರ್‌ಐ ವಿಷಯಕ್ಕೆ ಬಂದರೆ, ಕಾಯಿಲೆ ಪತ್ತೆಯಾದಾಗ ಮಾಡಿದ ಸ್ಕ್ಯಾನ್ ಸಾಲುವುದಿಲ್ಲ. ಅದರಲ್ಲಿ ಪದರಗಳು ಸಾಮಾನ್ಯವಾಗಿ 5 ಮಿ.ಮೀ. ದಪ್ಪ, ನಡುವೆ ಖಾಲಿ ಬೇರೆ. ನಮಗೆ ಬೇಕಾದದ್ದು ಕಾಂಟ್ರಾಸ್ಟ್ ಕೊಟ್ಟು ತೆಗೆದ 3ಡಿ ಟಿ1, 1 ಮಿ.ಮೀ. ಪದರ, ನಡುವೆ ಸಂದು ಬಿಡದೆ, ನೆತ್ತಿಯಿಂದ ಕತ್ತಿನ ಮೇಲ್ಭಾಗದವರೆಗೆ, ತಲೆ ಓರೆಯಾಗದಂತೆ. ಚೀಟಿಯಲ್ಲಿ ‘ಎಸ್‌ಆರ್‌ಎಸ್ ಪ್ರೋಟೋಕಾಲ್’ ಎಂದು ಬರೆಸಿಕೊಂಡು ಹೋಗಿ (ಎಸ್‌ಆರ್‌ಎಸ್ ಅಂದರೆ ಈ ನಿಖರ ರೇಡಿಯೇಷನ್, ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಸರ್ಜರಿ). ಸ್ಕ್ಯಾನಿಗೆ ಮುನ್ನ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಸಿ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಫಿಲ್ಮಿನಿಂದ, ಮೊಬೈಲಿನಲ್ಲಿ ಬಂದ ಫೋಟೋದಿಂದ ಪ್ಲಾನ್ ಮಾಡಲು ಬರುವುದಿಲ್ಲ. ಸ್ಕ್ಯಾನಿನ ಮೂಲ ಚಿತ್ರಗಳು, ಅಂದರೆ ಡೈಕಾಮ್ ಫೈಲುಗಳಿರುವ ಸಿಡಿಯನ್ನೇ ಕೇಳಿ ಪಡೆಯಬೇಕು.

ಚಿಕಿತ್ಸೆಗೂ ಈ ಎಂಆರ್‌ಐಗೂ ನಡುವೆ ಒಂದು ವಾರ ದಾಟಬಾರದು. ದೊಡ್ಡ ಗಡ್ಡೆ ಒಂದು ವಾರದಲ್ಲೂ ಬೆಳೆಯಬಲ್ಲದು, ಒಳಗಿನ ನೀರು ಏರಿಳಿದು ಆಕಾರ ಬದಲಾಗಬಲ್ಲದು, ಡೆಕ್ಸಾದಿಂದ ಊತ ಇಳಿದಾಗ ಜಾಗವೇ ಸರಿಯಬಲ್ಲದು. ಹಳೆಯ ಎಂಆರ್‌ಐ ಮೇಲೆ ಎಷ್ಟೇ ನಿಖರವಾಗಿ ಪ್ಲಾನ್ ಮಾಡಿದರೂ ನಾವು ಗುರಿಯಿಡುವುದು ಗಡ್ಡೆ ಇದ್ದ ಜಾಗಕ್ಕೆ. ಆದ್ದರಿಂದ ಹಣದ ವ್ಯವಸ್ಥೆ ಮೊದಲು, ಎಂಆರ್‌ಐ ಆಮೇಲೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಾಗಲಿ ಖಾಸಗಿ ವಿಮೆಯಲ್ಲಾಗಲಿ ಮುಂಗಡ ಒಪ್ಪಿಗೆಗೆ ದಿನಗಳು ಹಿಡಿಯುತ್ತವೆ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು, ಈ ಚಿಕಿತ್ಸೆ ಆ ಆಸ್ಪತ್ರೆಯಲ್ಲಿ ಯೋಜನೆಯಡಿ ಬರುತ್ತದೆಯೇ ಎಂದು ಕೇಳಿ, ಒಪ್ಪಿಗೆ ಕೈಗೆ ಬಂದ ಮೇಲೆ ಸ್ಕ್ಯಾನ್ ಮಾಡಿಸಿದರೆ ಎರಡನೇ ಸಲ ಮಾಡಿಸುವುದು ತಪ್ಪುತ್ತದೆ.

ಮಾಸ್ಕ್ ಮಾಡುವುದು ರಂಧ್ರಗಳಿರುವ ಥರ್ಮೋಪ್ಲಾಸ್ಟಿಕ್ ಹಾಳೆಯಿಂದ. 65–70 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಕೆಲವು ನಿಮಿಷ ಇಟ್ಟರೆ ಅದು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ನೀರು ಒರೆಸಿ ಮುಖದ ಮೇಲೆ ಎಳೆದು, ಮೂಗಿನ ಸೇತುವೆ, ಹಣೆ, ಗಲ್ಲದ ಸುತ್ತ ಒತ್ತಿ ಹಿಡಿಯುತ್ತೇವೆ. ಮುಖಕ್ಕೆ ಬಿಸಿ ಬಟ್ಟೆ ಹಾಕಿದ ಹಾಗಿರುತ್ತದೆ, ಸುಡುವುದಿಲ್ಲ. ತಣ್ಣಗಾಗುತ್ತಾ ಗಟ್ಟಿಯಾಗಿ, ಒಂಚೂರು ಕುಗ್ಗಿ ಇನ್ನಷ್ಟು ಬಿಗಿಯಾಗುತ್ತದೆ. ಈ ಚಿಕಿತ್ಸೆಯ ಮಾಸ್ಕು ಮಾಮೂಲಿಗಿಂತ ದಪ್ಪ, ಹಲವೆಡೆ ತಲೆಯ ಹಿಂದಕ್ಕೂ ಅಚ್ಚು ತೆಗೆಯುತ್ತಾರೆ. ಕೋಬಾಲ್ಟ್ ಮೂಲಗಳಿಂದ ಕಿರಣ ಬಿಡುವ ಗಾಮಾ ನೈಫ್ ಯಂತ್ರದ ಹಳೆಯ ಪದ್ಧತಿಯಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಲ್ಕು ಪಿನ್ನುಗಳಿಂದ ಚೌಕಟ್ಟನ್ನು ತಲೆಬುರುಡೆಗೇ ಬಿಗಿಯುತ್ತಾರೆ. ಒಂದೇ ದಿನದ ಚಿಕಿತ್ಸೆಗೆ ಅದು ಸರಿ. ಮೂರು ಅಥವಾ ಐದು ದಿನ ಬರುವವರಿಗೆ ಮಾಸ್ಕೇ ವಾಸಿ.

ಮಾಸ್ಕ್ ಕೈಕೊಡುವುದು ಸಣ್ಣ ಕಾರಣಗಳಿಗೆ. ಅವತ್ತು ತುರುಬು ಕಟ್ಟಿಕೊಂಡು ಬಂದು ಮಾರನೆಯ ಸಲ ಜಡೆ ಹಾಕಿಕೊಂಡರೆ ತಲೆಯ ಹಿಂಭಾಗ ಎತ್ತರ ತಗ್ಗಾಗುತ್ತದೆ. ಕೂದಲು ಬಿಚ್ಚಿ, ಎಣ್ಣೆ ಹಚ್ಚದೆ ಬರುವುದು ಉತ್ತಮ. ಕಟ್ಟಿಸಿದ ಹಲ್ಲಿನ ಸೆಟ್ಟು ಮಾಸ್ಕ್ ಮಾಡುವಾಗ ಬಾಯಲ್ಲಿದ್ದರೆ ಪ್ರತಿ ಸಿಟ್ಟಿಂಗಿಗೂ ಇರಬೇಕು, ತೆಗೆದಿದ್ದರೆ ಪ್ರತಿ ಸಲವೂ ತೆಗೆಯಬೇಕು. ದಪ್ಪ ಗಡ್ಡವನ್ನು ನಡುವೆ ಬೋಳಿಸಬಾರದು. ಡೆಕ್ಸಾದಿಂದ ಮುಖ ಉಬ್ಬಿದರೆ ಮಾಸ್ಕ್ ಕೂರುವುದಿಲ್ಲ, ಡೆಕ್ಸಾ ಬೇಗ ಇಳಿಸಿದರೆ ಸಡಿಲ. ಆದ್ದರಿಂದ ಮಾಸ್ಕಿನ ದಿನದಿಂದ ಕೊನೆಯ ಸಿಟ್ಟಿಂಗಿನವರೆಗೆ ಡೆಕ್ಸಾವನ್ನು ಆದಷ್ಟು ಒಂದೇ ಮಟ್ಟದಲ್ಲಿಡುತ್ತೇವೆ. ಮುಚ್ಚಿದ ಜಾಗದ ಭಯ ಇರುವವರು ಮೊದಲೇ ಹೇಳಬೇಕು. ಕಣ್ಣಿನ ಜಾಗ ತೆರೆದಿರುವ ಮಾಸ್ಕ್ ಇದೆ, ಅರ್ಧ ಗಂಟೆ ಮೊದಲು ಕೊಡುವ ಮಾತ್ರೆ ಇದೆ.

ಅದೇ ಮಾಸ್ಕ್ ಹಾಕಿ 1 ಮಿ.ಮೀ. ಪದರದ ಸಿಟಿ ಸ್ಕ್ಯಾನ್. ಡೋಸ್ ಲೆಕ್ಕ ನಡೆಯುವುದು ಸಿಟಿಯ ಮೇಲೆ, ಗಡ್ಡೆ ಸ್ಪಷ್ಟವಾಗಿ ಕಾಣುವುದು ಎಂಆರ್‌ಐಯಲ್ಲಿ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಮಿದುಳಿನ ನೀರಿನ ಕೋಣೆಗಳ ಅಂಚು, ಎರಡು ಅರ್ಧಗಳ ನಡುವಿನ ಪೊರೆ, ಗಡ್ಡೆಯ ಹತ್ತಿರದ ಮಡಿಕೆಗಳು ಹೊಂದಿವೆಯೇ ಎಂದು ಕಣ್ಣಾರೆ ನೋಡುತ್ತೇವೆ. ಸಾಫ್ಟ್‌ವೇರ್ ‘ಸರಿಯಾಗಿದೆ’ ಅಂದದ್ದನ್ನು ನಂಬಿ ಮುಂದೆ ಹೋಗುವಂತಿಲ್ಲ. ಎಂಆರ್‌ಐ ಚಿತ್ರ ಅಂಚುಗಳಲ್ಲಿ ತುಸು ಸೊಟ್ಟಗಾಗುವುದೂ ಉಂಟು.

ಆಮೇಲೆ ಗೆರೆ ಎಳೆಯುವ ಕೆಲಸ. ಕಾಂಟ್ರಾಸ್ಟಿನಲ್ಲಿ ಹೊಳೆಯುವ ಭಾಗವನ್ನು, ಅದರೊಳಗಿನ ಸತ್ತ ನಡುಭಾಗವನ್ನೂ ಸೇರಿಸಿ, ಗಡ್ಡೆ ಎಂದು ಗುರುತಿಸುತ್ತೇವೆ. ಸುತ್ತಲಿನ ಊತವನ್ನು ಸೇರಿಸುವುದಿಲ್ಲ. ಕೂರಿಸುವಾಗ ಆಗಬಹುದಾದ ವ್ಯತ್ಯಾಸಕ್ಕೆಂದು ಅದರ ಸುತ್ತ 1 ಮಿ.ಮೀ. ಅಂಚು ಬಿಡುತ್ತೇವೆ. 3.5 ಸೆಂ.ಮೀ. ಗಡ್ಡೆ 22.4 ಸಿಸಿ. 1 ಮಿ.ಮೀ. ಅಂಚು ಬಿಟ್ಟರೆ 26.5. 2 ಮಿ.ಮೀ. ಬಿಟ್ಟರೆ 31. ಇನ್ನೊಂದು ಮಿಲಿಮೀಟರ್ ಧಾರಾಳ ಮಾಡಿದ್ದಕ್ಕೆ ನಾಲ್ಕೂವರೆ ಸಿಸಿ ಒಳ್ಳೆಯ ಮಿದುಳು ಪೂರ್ತಿ ಡೋಸ್ ತಿನ್ನುತ್ತದೆ. ಮಾಸ್ಕ್ ಬಿಗಿಯ ಬಗ್ಗೆ ಟೆಕ್ನಾಲಜಿಸ್ಟ್‌ಗಳು ಅಷ್ಟು ಹಟ ಹಿಡಿಯುವುದು ಇದಕ್ಕೇ.

ಪ್ಲಾನಿಂಗಿನಲ್ಲಿ ನಾವು ನೋಡುವ ಮಿತಿಗಳು: ಗಡ್ಡೆಯೂ ಸೇರಿ ಮಿದುಳಿನಲ್ಲಿ ಮೂರು ಸಿಟ್ಟಿಂಗ್ ಆದರೆ 20 ಗ್ರೇ, ಐದಾದರೆ 24 ಗ್ರೇ ಪಡೆಯುವ ಭಾಗ ಸಾಧ್ಯವಾದರೆ 20 ಸಿಸಿಯೊಳಗೆ. ಮೇಲೆ ಹೇಳಿದ 3.5 ಸೆಂ.ಮೀ. ಗಡ್ಡೆಯೇ 22 ಸಿಸಿ ಇರುವಾಗ ಇದು ಸಾಧ್ಯವಿಲ್ಲದ ಮಾತು, ಆಗ ಗಡ್ಡೆಯನ್ನು ಕಳೆದು ಉಳಿದ ಮಿದುಳಿನ ಲೆಕ್ಕ ಹಿಡಿಯುತ್ತೇವೆ. ಕಣ್ಣಿನ ನರಕ್ಕೆ ಐದು ಸಿಟ್ಟಿಂಗಿನಲ್ಲಿ 25 ಗ್ರೇ, ಮೂರರಲ್ಲಿ 17.4 ಮೀರಬಾರದು. ಮಿದುಳಿನ ಕಾಂಡಕ್ಕೆ ಐದರಲ್ಲಿ 31. ಗಡ್ಡೆ ಕಣ್ಣಿನ ನರಕ್ಕೆ ಒರಗಿದ್ದರೆ ಐದು ಸಿಟ್ಟಿಂಗೇ ಆಯ್ಕೆ, ಆಗಲೂ ಆ ಬದಿಯ ಅಂಚಿಗೆ ಡೋಸ್ ಕಡಿಮೆ ಬೀಳಬಹುದು. ಅದನ್ನು ತಿಳಿದೇ ಒಪ್ಪಿಕೊಂಡು ಫೈಲಿನಲ್ಲಿ ಬರೆದಿಡುತ್ತೇವೆ, ಮುಂದೆ ಆ ಮೂಲೆಯಲ್ಲೇ ಬೆಳೆದರೆ ಕಾರಣ ಗೊತ್ತಿರಬೇಕಲ್ಲ. ಗಡ್ಡೆಯ ಅಂಚಿಗಿಂತ ನಡುವೆ ಡೋಸ್ ಹೆಚ್ಚು. ಗಾಮಾ ನೈಫಿನಲ್ಲಂತೂ ಸಾಮಾನ್ಯವಾಗಿ ಅಂಚಿನ ಎರಡು ಪಟ್ಟು. ಅದರಿಂದ ತೊಂದರೆಯಿಲ್ಲ, ಆಮ್ಲಜನಕ ತಲುಪದ ನಡುಭಾಗದ ಕಣಗಳು ಹೆಚ್ಚು ಹಟಮಾರಿಗಳು.

ಗಾಮಾ ನೈಫ್ ಇರುವಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ಇದೆ, ದೊಡ್ಡ ಗಡ್ಡೆಗೆ ಇನ್ನೊಂದು ದಾರಿಯೂ ಉಂಟು. ಎರಡು ಹಂತಗಳಾಗಿ, ನಡುವೆ ಎರಡರಿಂದ ನಾಲ್ಕು ವಾರ ಬಿಟ್ಟು ಕೊಡುವುದು. ಎರಡನೆಯ ಹಂತಕ್ಕೆ ಮುನ್ನ ಹೊಸ ಎಂಆರ್‌ಐ ಮಾಡಿದಾಗ ಗಡ್ಡೆ ಕುಗ್ಗಿದ್ದರೆ ಗುರಿಯೂ ಚಿಕ್ಕದಾಗಿರುತ್ತದೆ. ಇಂದಿನ ಗಾಮಾ ನೈಫಿನಲ್ಲಿ 192 ಕೋಬಾಲ್ಟ್ ಮೂಲಗಳಿವೆ. ಕೋಬಾಲ್ಟಿನ ಶಕ್ತಿ ಸುಮಾರು 5.3 ವರ್ಷಕ್ಕೆ ಅರ್ಧವಾಗುವುದರಿಂದ ಹಳೆಯ ಮೂಲಗಳಿರುವ ಯಂತ್ರದಲ್ಲಿ ಅದೇ ಡೋಸಿಗೆ ಹೆಚ್ಚು ಹೊತ್ತು ಮಲಗಬೇಕು. ಡೋಸ್ ಬದಲಾಗುವುದಿಲ್ಲ.

ಕೋಬಾಲ್ಟ್ ಇಲ್ಲದೆ ವಿದ್ಯುತ್ತಿನಿಂದ ಕಿರಣ ತಯಾರಿಸುವ ಲೀನಿಯರ್ ಆ್ಯಕ್ಸಿಲರೇಟರ್ ಯಂತ್ರದಲ್ಲಿ ಮಾಡುವಾಗ ರೋಗಿ ಬರುವ ಮೊದಲೇ ಫಿಸಿಸಿಸ್ಟ್ ಕೆಲಸ ಶುರು. ಮಂಚದ ಮೇಲೆ ಪುಟ್ಟ ಲೋಹದ ಗುಂಡು ಇಟ್ಟು, ಯಂತ್ರವನ್ನೂ ಮಂಚವನ್ನೂ ಬೇರೆ ಬೇರೆ ಕೋನಗಳಿಗೆ ತಿರುಗಿಸಿ ಕಿರಣ ಬಿಟ್ಟು, ಗುಂಡಿನ ನೆರಳು ಕಿರಣದ ನಡುವೆಯೇ ಬೀಳುತ್ತಿದೆಯೇ ಎಂದು ನೋಡುತ್ತಾರೆ. ವ್ಯತ್ಯಾಸ 1 ಮಿ.ಮೀ. ದಾಟಿದರೆ ಅವತ್ತು ಚಿಕಿತ್ಸೆ ಇಲ್ಲ. ರೋಗಿಯ ಪ್ಲಾನನ್ನು ತಲೆಯ ಬದಲು ಫ್ಯಾಂಟಮ್ ಎಂಬ ಪ್ಲಾಸ್ಟಿಕ್ ಮಾದರಿಯ ಮೇಲೆ ಒಮ್ಮೆ ಪೂರ್ತಿ ಓಡಿಸಿ ಅಳೆಯುವುದೂ ಆಗಿರಬೇಕು. ‘ಸ್ಕ್ಯಾನ್ ಆಗಿ ಮೂರು ದಿನವಾಯಿತು, ಇನ್ನೂ ಕರೆದಿಲ್ಲ’ ಎಂದು ಹೊರಗೆ ಕಾಯುವವರಿಗೆ ಈ ಕೆಲಸ ಕಾಣುವುದಿಲ್ಲ.

ಚಿಕಿತ್ಸೆಯ ದಿನ ಉಪವಾಸ ಬೇಡ. ತಿಂಡಿ ತಿಂದು, ಡೆಕ್ಸಾ, ಫಿಟ್ಸ್, ಬಿ.ಪಿ. ಮಾತ್ರೆ ತೆಗೆದುಕೊಂಡೇ ಬನ್ನಿ. ಮಾಸ್ಕ್ ಬಿಗಿದ ಮೇಲೆ ಯಂತ್ರದಲ್ಲೇ ಸಣ್ಣ ಸಿಟಿ ತೆಗೆದು ಮೂಳೆಗೆ ಮೂಳೆ ಹೊಂದಿಸುತ್ತೇವೆ. ಮಂಚ ಹಿಂದೆ ಮುಂದೆ ಸರಿಯುವುದರ ಜೊತೆಗೆ ಓರೆಯಾಗಿಯೂ ತಿರುಗಿ ಸರಿಪಡಿಸಿಕೊಳ್ಳುತ್ತದೆ. ಇದು ಯಾಕೆ ಬೇಕೆಂದರೆ, ದೊಡ್ಡದರ ಜೊತೆ ಬೇರೆಡೆ ಚಿಕ್ಕ ಗಡ್ಡೆಗಳೂ ಇದ್ದು ಎಲ್ಲಕ್ಕೂ ಒಟ್ಟಿಗೆ ಕೊಡುತ್ತಿದ್ದರೆ, ತಲೆ ಒಂದು ಡಿಗ್ರಿ ತಿರುಗಿದರೂ ಕೇಂದ್ರದಿಂದ 6 ಸೆಂ.ಮೀ. ದೂರದ ಗಡ್ಡೆ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ನಡುವೆ ಮಂಚ ಕೋನ ಬದಲಿಸಿದಾಗ ಮತ್ತೆ ಜಾಗ ಪರೀಕ್ಷೆ. ಕಿರಣ ಬೀಳುವುದು ಕೆಲವೇ ನಿಮಿಷ, ಮಲಗಿರುವುದು ಅರ್ಧ ಗಂಟೆಯ ಆಸುಪಾಸು. ನೋವಿಲ್ಲ. ಕೆಲವರಿಗೆ ಮುಚ್ಚಿದ ಕಣ್ಣೊಳಗೆ ನೀಲಿ ಬೆಳಕು ಮಿಂಚಿದ ಹಾಗೆ, ಏನೋ ವಾಸನೆ ಬಂದ ಹಾಗೆ ಆಗುತ್ತದೆ. ಭ್ರಮೆಯಲ್ಲ, ಹೆದರುವಂಥದ್ದೂ ಅಲ್ಲ. ಏನಾದರೂ ಬೇಕಾದರೆ ಮಾತಾಡಬೇಡಿ, ಗಲ್ಲ ಅಲುಗುತ್ತದೆ. ಕೈ ಎತ್ತಿ, ಹೊರಗೆ ಕ್ಯಾಮೆರಾದಲ್ಲಿ ನೋಡುತ್ತಿರುತ್ತೇವೆ. ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಮೈಯಲ್ಲಿ ವಿಕಿರಣ ಉಳಿದಿರುವುದಿಲ್ಲ.

ಸಿಟ್ಟಿಂಗುಗಳು ಸಾಮಾನ್ಯವಾಗಿ ದಿನವೂ ಅಥವಾ ದಿನ ಬಿಟ್ಟು ದಿನ. ಯಂತ್ರ ಕೆಟ್ಟು ಒಂದೆರಡು ದಿನ ಮುಂದೆ ಹೋದರೆ ಕೆಲಸ ಕೆಡುವುದಿಲ್ಲ. ಆದರೆ ಆ ದಿನಗಳಲ್ಲೂ ಡೆಕ್ಸಾ ಮುಂದುವರಿಯಬೇಕು.

ಕ್ಯಾನ್ಸರಿನ ಬೇರೆ ಔಷಧಿಗಳ ಪಟ್ಟಿಯನ್ನು ಮೊದಲ ದಿನವೇ ಕೊಡಬೇಕು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಕೊಡುವ ಬಿಆರ್‌ಎಎಫ್ ತಡೆಯುವ ಮಾತ್ರೆಗಳನ್ನು ಸಿಟ್ಟಿಂಗಿನ ಹಿಂದುಮುಂದೆ ಕನಿಷ್ಠ ಒಂದು ದಿನ ನಿಲ್ಲಿಸುತ್ತಾರೆ. ಸ್ತನ ಕ್ಯಾನ್ಸರಿನ ಟಿ-ಡಿಎಂ1 ಇಂಜೆಕ್ಷನ್ ಜೊತೆಜೊತೆಗೇ ನಡೆದರೆ ರೇಡಿಯೋನೆಕ್ರೋಸಿಸ್ ಹೆಚ್ಚು. ಶ್ವಾಸಕೋಶ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಜೀನ್‌ಗಳ ಬದಲಾವಣೆ ಇದ್ದವರಿಗೆ ಮಿದುಳಿಗೂ ತಲುಪುವ ಮಾತ್ರೆಗಳಿವೆ. ಚಿಕ್ಕ, ಲಕ್ಷಣವಿಲ್ಲದ ಗಡ್ಡೆಗಳಿಗೆ ಮೊದಲು ಅದನ್ನೇ ಕೊಟ್ಟು ನೋಡುವುದುಂಟು. ಕೈಕಾಲು ಸೋಲಿಸುತ್ತಿರುವ ದೊಡ್ಡ ಗಡ್ಡೆಗೆ ಮಾತ್ರೆಯೊಂದನ್ನೇ ನಂಬಿ ಕೂರುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ.

ಮುಗಿದ ಮೇಲಿನ ಎರಡು ಮೂರು ದಿನ ತಲೆನೋವು, ವಾಕರಿಕೆ ಬರಬಹುದು, ಊತ ತುಸು ಏರಿರುತ್ತದೆ. ಸುಸ್ತು ವಾರಗಟ್ಟಲೆ ಇರುತ್ತದೆ. ಗಡ್ಡೆ ತಲೆಬುರುಡೆಗೆ ಹತ್ತಿರವಿದ್ದರೆ ಎರಡು ಮೂರು ವಾರಕ್ಕೆ ಆ ಜಾಗದಲ್ಲಿ ಮಾತ್ರ ಕೂದಲು ಉದುರಬಹುದು. ಮಾತ್ರೆ ತೆಗೆದುಕೊಂಡರೂ ನಿಲ್ಲದ ವಾಂತಿ, ಹೆಚ್ಚುತ್ತಿರುವ ಮಂಪರು, ಹೊಸದಾಗಿ ಕೈಕಾಲು ಸೋಲುವುದು, ಫಿಟ್ಸ್, ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಓಪಿಡಿ ದಿನಕ್ಕೆ ಕಾಯದೆ ಎಮರ್ಜೆನ್ಸಿಗೆ ಬನ್ನಿ.

ಮೊದಲ ಎಂಆರ್‌ಐ ಎರಡು ಮೂರು ತಿಂಗಳಿಗೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ‘ಗಡ್ಡೆ ಹೋಗಿದೆಯಾ’ ಎಂದು ಎಲ್ಲರೂ ಕೇಳುತ್ತಾರೆ. ದೊಡ್ಡ ಗಡ್ಡೆ ಪೂರ್ತಿ ಮಾಯವಾಗುವುದು ಕಡಿಮೆ. ಬೆಳೆಯದೆ ನಿಂತು, ಊತ ಇಳಿದು, ಡೆಕ್ಸಾ ಬಿಡಲು ಆದರೆ ಅದೇ ಗೆಲುವು. ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾದಂತೆ ಕಂಡರೆ ಅದು ಕ್ಯಾನ್ಸರೂ ಇರಬಹುದು, ರೇಡಿಯೋನೆಕ್ರೋಸಿಸ್ಸೂ ಇರಬಹುದು, ಹಲವು ಸಲ ಎರಡೂ ಬೆರೆತಿರುತ್ತವೆ. ಮಾಮೂಲಿ ಎಂಆರ್‌ಐಯಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ರಕ್ತದ ಹರಿವು ತೋರಿಸುವ ಪರ್ಫ್ಯೂಷನ್ ಎಂಆರ್‌ಐ, ಕೆಲವೊಮ್ಮೆ ಅಮೈನೋ ಆಮ್ಲದ ಪೆಟ್ ಸ್ಕ್ಯಾನ್ ನೆರವಿಗೆ ಬರುತ್ತವೆ. ಜೀವಂತ ಗಡ್ಡೆಗೆ ರಕ್ತ ಹೆಚ್ಚು ಹರಿಯುತ್ತದೆ, ಸತ್ತ ಭಾಗಕ್ಕೆ ಕಡಿಮೆ. ನೆಕ್ರೋಸಿಸ್ ಆಗಿದ್ದು ಲಕ್ಷಣಗಳಿಲ್ಲದಿದ್ದರೆ ಕಾದು ನೋಡುತ್ತೇವೆ, ಇದ್ದರೆ ಡೆಕ್ಸಾ. ಅದಕ್ಕೂ ಬಗ್ಗದಿದ್ದರೆ ಬೆವಾಸಿಜುಮ್ಯಾಬ್ ಎಂಬ ಇಂಜೆಕ್ಷನ್, ಕೆ.ಜಿ. ತೂಕಕ್ಕೆ 7.5 ಮಿ.ಗ್ರಾಂ. ಲೆಕ್ಕದಲ್ಲಿ ಮೂರು ವಾರಕ್ಕೊಮ್ಮೆ. ಕೊನೆಯದು ಆಪರೇಷನ್.

ಗುರಿಯಿಟ್ಟ ಗಡ್ಡೆಗಷ್ಟೇ ಈ ಚಿಕಿತ್ಸೆ. ಮಿದುಳಿನ ಬೇರೆಡೆ ಹೊಸದು ಬರುವುದು ಸಾಮಾನ್ಯ, ಬಂದರೆ ಅದಕ್ಕೂ ಇದೇ ರೀತಿ ಕೊಡಬಹುದು. ಆಗ ಮೊದಲ ಸಲ ಎಲ್ಲಿಗೆ ಎಷ್ಟು ಡೋಸ್ ಬಿದ್ದಿದೆ ಎಂದು ಗೊತ್ತಿರಲೇಬೇಕು, ಬೇರೆ ಊರಿನ ಆಸ್ಪತ್ರೆಗೆ ಹೋದಾಗ ಸಿಕ್ಕಿಬೀಳುವುದು ಇಲ್ಲೇ. ಡಿಸ್ಚಾರ್ಜ್ ಚೀಟಿಯಲ್ಲಿ ‘ಎಸ್‌ಆರ್‌ಎಸ್ ಆಗಿದೆ’ ಎಂಬ ಒಂದು ಸಾಲು ಇದ್ದರೆ ಉಪಯೋಗವಿಲ್ಲ. ಒಟ್ಟು ಡೋಸ್, ಸಿಟ್ಟಿಂಗುಗಳ ಸಂಖ್ಯೆ, ತಾರೀಖುಗಳು, ಗಡ್ಡೆಯ ಜಾಗ ಮತ್ತು ಗಾತ್ರ ಇರುವ ಟ್ರೀಟ್‌ಮೆಂಟ್ ಸಮ್ಮರಿ ಪಡೆಯಿರಿ. ಜೊತೆಗೆ ಪ್ಲಾನಿನ ಡೈಕಾಮ್ ಆರ್‌ಟಿ ಫೈಲುಗಳನ್ನು, ಅಂದರೆ ಸಿಟಿ, ಗೆರೆಗಳು, ಪ್ಲಾನ್, ಡೋಸ್ ನಾಲ್ಕನ್ನೂ, ಪೆನ್‌ಡ್ರೈವಿನಲ್ಲಿ ಕೇಳಿ ಪಡೆದು ಎಂಆರ್‌ಐ ಸಿಡಿಗಳ ಜೊತೆಗೇ ಇಡಿ.